ಕೂಗಳತೆಯ ಊರು

ಮಗಳ ಮದುವೆಯ ಲಗ್ನಪತ್ರಿಕೆಗಳು ಅಚ್ಚಾಗಿ ಬಂದು ಒಂಬತ್ತು ದಿನವಾಗಿತ್ತು. ಎರಡು ಕಟ್ಟೂ ಬೀರುವಿನ ಮೇಲೆ ಕೂತೇ ಇದ್ದವು. ನೆಂಟರು ಫೋನ್ ಮಾಡಿ "ಏನಮ್ಮಾ, ನಮ್ಮನ್ನೆಲ್ಲ ಮರೆತೇಬಿಟ್ರಾ?" ಎಂದು ಚುಚ್ಚುತ್ತಿದ್ದರು. ನಾನು ಇವತ್ತು ನಾಳೆ ಎಂದು ದಿನ ತಳ್ಳುತ್ತಿದ್ದೆ. ಒಂದೇ ಒಂದು ಪತ್ರಿಕೆಯೂ ಹೊಸ್ತಿಲು ದಾಟಬಾರದು ಎಂದು ನಮ್ಮತ್ತೆ ಪಟ್ಟು ಹಿಡಿದಿದ್ದರು.

ನಮ್ಮ ಮನೆಯಲ್ಲಿ ಮೊದಲ ಪತ್ರಿಕೆ ಮಠಕ್ಕೆ ಹೋಗುವುದು ವಾಡಿಕೆ. ಅತ್ತೆಯ ತವರಿನವರದು ಬೇರೆ ಕ್ರಮ. ಮಕ್ಕಳದಾಗಲಿ ಮೊಮ್ಮಕ್ಕಳದಾಗಲಿ, ಮದುವೆ ಗೊತ್ತಾದರೆ ಮೊದಲ ಪತ್ರಿಕೆಯನ್ನು ಅರಿಶಿನ ಕುಂಕುಮದ ಜೊತೆ ಊರಿನ ಕರುವುಗಲ್ಲಿನ ಮುಂದಿಡಬೇಕು. ಊರು ಕಟ್ಟುವಾಗ ನಡುವೆ ನೆಡುವ ಕಲ್ಲು ಅದು. ಆಮೇಲೆಯೇ ಮಠ, ದೇವಸ್ಥಾನ, ನೆಂಟರು ಇಷ್ಟರು. ನನ್ನ ಮದುವೆಯಲ್ಲೂ ಹಾಗೇ ನಡೆದಿತ್ತಂತೆ. ಅತ್ತೆಯ ಅಣ್ಣ ಸೈಕಲ್ ಮೇಲೆ ಹೋಗಿ ಇಟ್ಟು ಬರುತ್ತಿದ್ದರು. ಅವರು ಹೋದ ವರ್ಷ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಕಲ್ಲು ಎಲ್ಲಿದೆ ಎಂದು ಅವರನ್ನು ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ಕಲ್ಲು ಊರಿನಲ್ಲಿಯೇ ಇರುತ್ತದಲ್ಲ ಎನ್ನಬಹುದು. ತೊಂದರೆಯೆಂದರೆ ಆ ಊರೇ ಇಲ್ಲ. ಜಾವಗಲ್ಲಿಗೂ ಹಳೇಬೀಡಿಗೂ ನಡುವೆ ಎಲ್ಲೋ ಹನ್ನೆರಡು ಮನೆಗಳ ಊರು ಅದು. ಅತ್ತೆಗೆ ಏಳೆಂಟು ವರ್ಷವಾಗಿದ್ದಾಗ ಒಂದು ಬೇಸಿಗೆಯಲ್ಲಿ ಜ್ವರ ಬಂದು ನಾಲ್ಕು ಮನೆ ಖಾಲಿಯಾಯಿತು. ಉಳಿದವರು ಗಾಡಿ ಕಟ್ಟಿಕೊಂಡು ದಿಕ್ಕಿಗೊಬ್ಬರಂತೆ ಹೋದರು. ಈಗ ಆ ಜಮೀನೆಲ್ಲ ಪಹಣಿಯಲ್ಲಿ ಪಕ್ಕದ ಊರಿನ ಹೆಸರಿನಲ್ಲಿದೆ. ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅತ್ತೆಯ ಮಾತು: "ಬೇಕಾದೋರು ಹುಡುಕ್ಕಳ್ಳಿ. ಪುಗಸಟ್ಟೆ ಯಾಕೆ ಹೇಳ್ಬೇಕು?"

ನಮ್ಮ ಯಜಮಾನರಿಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಅವರು ಮಂಡಿಯ ಕೆಲಸ ಬಿಟ್ಟು ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಎರಡು ಸಲ ಜಾವಗಲ್ ಕಡೆ ಸುತ್ತಿ ಬಂದರು. ಕೇಳಿದವರೆಲ್ಲ "ಹಾಳೂರಾ? ಅಗೋ ಅಲ್ಲೈತೆ" ಎಂದು ಕೈ ತೋರಿಸಿದರಂತೆ, ಒಬ್ಬೊಬ್ಬರು ಒಂದೊಂದು ಕಡೆಗೆ. ಆ ಸೀಮೆಯಲ್ಲಿ ಪ್ರತಿ ಊರಿಗೂ ತನ್ನದೇ ಒಂದು ಹಾಳೂರು ಇದೆ ಎಂದು ನಮಗೆ ಗೊತ್ತಾದದ್ದು ಆಗಲೇ. ಎರಡನೇ ಸಲ ವಾಪಸು ಬಂದ ಅತ್ತೆ ಕಾಲು ತೊಳೆಯದೆ ಜಗಲಿಯ ಮೇಲೆ ಕೂತುಬಿಟ್ಟರು.

"ನಾನೊಬ್ಳೇ ಉಳ್ದಿರೋದು. ನನಗೇ ದಾರಿ ಸಿಗ್ಲಿಲ್ಲ ಅಂದ್ರೆ ಆ ಊರು ಇತ್ತು ಅನ್ನೋಕೆ ಯಾರವ್ರೆ?"

ಆಮೇಲೆ ನನ್ನ ಕಡೆ ತಿರುಗಿದರು. "ನಮ್ಮ ಸೊಸೆ ಮಕ್ಕಳಿಗೆ ಆಸ್ಟ್ರೇಲಿಯಾ ತೋರ್ಸ್ತಾಳೆ. ನಮ್ಮೂರು ತೋರ್ಸವ್ವ ಅಂದ್ರೆ ಮಿಕಿಮಿಕಿ ನೋಡ್ತಾಳೆ."

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಭೂಗೋಳ ನನ್ನ ಅಚ್ಚುಮೆಚ್ಚು. ಆ ಮಾತು ಚುರುಕ್ ಎಂದಿತು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಶಾಲೆಗೆ ಗೊತ್ತು. ಆದರೆ ಅತ್ತೆಯ ಮೇಲೆ ಕೋಪ ಮಾಡಿಕೊಂಡು ಗೆದ್ದವರಿಲ್ಲ. ಹಾಗಾಗಿ ಕೋಪವನ್ನೆಲ್ಲ ಕಂಪ್ಯೂಟರಿನ ಮೇಲೆ ತೀರಿಸಿಕೊಳ್ಳಲು ಕೂತೆ.

ಕೆಲವು ವರ್ಷಗಳ ಹಿಂದೆ ಶಿಕ್ಷಕರ ತರಬೇತಿಯೊಂದರಲ್ಲಿ ನಮಗೆ ಒಂದು ನಕ್ಷೆಯನ್ನು ಪರಿಚಯಿಸಿದ್ದರು. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಎಲ್ಲೋ ಕೂತವರು ಉಪಗ್ರಹದ ಚಿತ್ರ ನೋಡಿ ಕೆರೆ, ರಸ್ತೆ, ಗುಡ್ಡಗಳ ಗೆರೆ ಎಳೆದಿರುತ್ತಾರೆ. ಊರಿನವರು ಗುಡಿ, ಶಾಲೆ, ಬಸ್ ಸ್ಟಾಪುಗಳ ಹೆಸರು ತುಂಬುತ್ತಾರೆ. ನಾನು ಭಾನುವಾರಗಳಲ್ಲಿ ಸ್ಕೂಟರ್ ತೆಗೆದುಕೊಂಡು ಹೋಗಿ ಊರೂರಿನ ಗುಡಿಗಳನ್ನು ಸೇರಿಸುವ ಹುಚ್ಚು ಹತ್ತಿಸಿಕೊಂಡಿದ್ದೆ. ಆ ನಕ್ಷೆಯಲ್ಲಿ ಒಂದು ನಿಯಮವಿದೆ. ಹೋದವರ ಕಣ್ಣಿಗೆ ಕಾಣುವುದನ್ನು ಮಾತ್ರ ಹಾಕಬೇಕು. ಒಮ್ಮೆ ನಮ್ಮ ಹತ್ತನೇ ತರಗತಿಯವರು ಶಾಲೆಯ ಹಿಂದೆ ಈಜುಕೊಳ ಹಾಕಿ ನಕ್ಕಿದ್ದಕ್ಕೆ ನಾನು ಅವರನ್ನು ಒಂದು ಪೀರಿಯಡ್ ಪೂರ್ತಿ ನಿಲ್ಲಿಸಿದ್ದೆ.

ಆ ನಕ್ಷೆಯ ಜೊತೆ ಒಂದು ಹುಡುಕುಯಂತ್ರವೂ ಇದೆ. ಅದರ ಒಳಗಿನ ಲೆಕ್ಕಾಚಾರವನ್ನೂ ಮುಚ್ಚಿಟ್ಟಿಲ್ಲ, ಬೇಕಾದವರು ಬಿಚ್ಚಿ ಓದಬಹುದು. ನಾನು ಅತ್ತೆಯ ಊರಿನ ಹೆಸರನ್ನು ಟೈಪ್ ಮಾಡಿದೆ. ಏನೂ ಸಿಗಲಿಲ್ಲ ಎಂದಿತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಇಲ್ಲ ಎನ್ನುವ ಮೊದಲು ಇದು ಎಲ್ಲಿ ಹುಡುಕಿತು ಎಂಬ ಕುತೂಹಲ ಹುಟ್ಟಿತು. ಬೀಗದ ಕೈ ಕಳೆದಾಗ ನಮ್ಮ ಯಜಮಾನರು ಕುರ್ಚಿಯಿಂದ ಏಳದೆ "ಎಲ್ಲೂ ಇಲ್ಲ ಕಣೇ" ಎನ್ನುವುದನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಅದಕ್ಕೇ ಇಲ್ಲ ಎನ್ನುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ನಾಲ್ಕು ಸಂಜೆ ಕೂತು, ಅರ್ಥವಾಗದ ಪದಗಳಿಗೆ ನಿಘಂಟು ನೋಡುತ್ತಾ, ಅದರ ವಿವರಣೆ ಓದಿದೆ. ನಾನು ಅಂದುಕೊಂಡಿದ್ದೆಲ್ಲ ತಪ್ಪು. ನಾವು ಹೆಸರು ಬರೆದ ತಕ್ಷಣ ಯಂತ್ರ ನಕ್ಷೆಯ ಮೇಲೆ ಕಣ್ಣಾಡಿಸುತ್ತದೆ ಎಂದುಕೊಂಡಿದ್ದೆ. ಅದು ನಕ್ಷೆಯನ್ನು ನೋಡುವುದೇ ಇಲ್ಲ. ನಕ್ಷೆಯಲ್ಲಿರುವ ಪ್ರತಿ ಹೆಸರನ್ನೂ ಮೊದಲೇ ಪದಪದವಾಗಿ ಬಿಡಿಸಿ, ಯಾವ ಪದ ಎಲ್ಲೆಲ್ಲಿ ಬಂದಿದೆ ಎಂದು ದೊಡ್ಡ ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ನಾವು "ಹಳೇಬೀಡು ಬಸ್ ನಿಲ್ದಾಣ" ಎಂದರೆ ಅಷ್ಟೂ ಪದಗಳಿಗೆ ಹೊಂದುವ ಜಾಗವನ್ನು ಆ ಪಟ್ಟಿಯಿಂದ ಎತ್ತಿಕೊಡುತ್ತದೆ. ಹಲವು ಸಿಕ್ಕರೆ ತೂಕ ನೋಡಿ ಸಾಲು ಮಾಡುತ್ತದೆ. ಹೆಸರುವಾಸಿ ಊರಿಗೆ ತೂಕ ಹೆಚ್ಚು. ನಮ್ಮ ಮನೆಯಲ್ಲಿ "ತಿರುಪತಿಗೆ ಹೋಗಿದ್ದೆ" ಎಂದರೆ ಅದು ಇಲ್ಲೇ ಇರುವ ಮಾಲೇಕಲ್ಲು ತಿರುಪತಿ. ಯಂತ್ರಕ್ಕೆ ತಿರುಪತಿ ಎಂದೆ, ಸೀದಾ ಆಂಧ್ರಕ್ಕೆ ಕರೆದುಕೊಂಡು ಹೋಯಿತು.

ಇನ್ನೂ ತಮಾಷೆಯೆಂದರೆ ವಿಳಾಸ. ಬಹಳಷ್ಟು ಜಾಗಗಳಿಗೆ ಯಾರೂ ವಿಳಾಸ ಬರೆದಿರುವುದಿಲ್ಲ. ಯಂತ್ರವೇ ಊಹಿಸಿ ಕಟ್ಟುತ್ತದೆ. ಜಾಗ ಯಾವ ಗಡಿಯ ಒಳಗೆ ಬೀಳುತ್ತದೋ ಆ ಹೋಬಳಿ, ಆ ತಾಲ್ಲೂಕು. ಗಡಿಯ ಗೆರೆ ಎಳೆದಿಲ್ಲದ ಕಡೆ ಹತ್ತಿರದ ದೊಡ್ಡ ಊರಿನ ಹೆಸರನ್ನು ಅಂಟಿಸಿಬಿಡುತ್ತದೆ. ಹತ್ತಿರ ಎಂದರೆ ಹಕ್ಕಿ ಹಾರುವ ಹತ್ತಿರ. ನಡುವೆ ಗುಡ್ಡ ಇದೆಯೇ, ದಾರಿ ಇದೆಯೇ, ಜನ ಯಾವ ಸಂತೆಗೆ ಹೋಗುತ್ತಾರೆ ಎಂಬುದು ಅದಕ್ಕೆ ತಿಳಿಯದು.

ಓದಿದ ಮೇಲೆ ಒಂದು ಮಾತು ಸ್ಪಷ್ಟವಾಯಿತು. ಯಾರೋ ಒಬ್ಬರು ಹೋಗಿ ಹಾಕಿದ್ದು ಮಾತ್ರ ಸಿಗುತ್ತದೆ. ಜನರಿಲ್ಲದ ಊರಿಗೆ ಹೋಗಿ ಹೆಸರು ಹಾಕುವವರು ಯಾರು? ಮೇಲಿನಿಂದ ನೋಡಿದರೆ ಸೂರು ಕಾಣುವುದಿಲ್ಲ, ಕೆಳಗೆ ಹೋದರೆ ಕೇಳಲು ಆಳಿಲ್ಲ. ಅತ್ತೆಯ ಊರು ಹೆಸರಿನಿಂದ ಸಿಗುವ ಊರಲ್ಲ.

ಹುಡುಕುತ್ತಾ ಹೋದಂತೆ, ಅದೇ ನಕ್ಷೆಗೆ ಇನ್ನೊಂದು ಹುಡುಕುಯಂತ್ರ ಇರುವುದು ಗೊತ್ತಾಯಿತು. ಅದಕ್ಕೆ ಹೆಸರು ಬೇಡ, ಲಕ್ಷಣ ಹೇಳಿದರೆ ಸಾಕು. ಗಂಡು ನೋಡುವವರು ಬಣ್ಣ, ಎತ್ತರ, ಓದು ಹೇಳುವ ಹಾಗೆ: ನನಗೊಂದು ಕೆರೆ ಬೇಕು, ಅದರ ದಡದಲ್ಲಿ ಗುಡಿ ಇರಬೇಕು, ಗುಡಿಯಿಂದ ಇಷ್ಟು ಮೀಟರಿನೊಳಗೆ ಗುಡ್ಡ ಇರಬೇಕು. ಇರುವ ಜಾಗಗಳನ್ನೆಲ್ಲ ತಂದು ಮುಂದಿಡುತ್ತದೆ. ನಾನು ಕುಣಿದಾಡಿಬಿಟ್ಟೆ. ನೋಟ್‌ಬುಕ್ ಹಿಡಿದು ಅತ್ತೆಯ ಮುಂದೆ ಕೂತೆ.

"ಅತ್ತೆ, ನಿಮ್ಮೂರಲ್ಲಿ ಏನೇನಿತ್ತು ಹೇಳಿ. ಈಗಲೂ ಇರೋ ಅಂಥದ್ದು."

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. "ಕೆರೆ ಐತೆ. ಏರಿ ತುದೀಲಿ ಬಸವಣ್ಣನ ಗುಡಿ. ಆಚೆ ದಡದಾಗೆ ನಮ್ಮೂರು. ಊರ ಬೆನ್ನಿಗೆ ಕಲ್ಲುಗುಡ್ಡ. ಗುಡ್ಡದ ಬುಡದಾಗೇ ಊರು ಅನ್ಕೋ."

"ಗುಡಿಯಿಂದ ಊರಿಗೆ ಎಷ್ಟು ದೂರ?"

"ಕೂಗಳತೆ."

"ಮೀಟರಲ್ಲಿ ಹೇಳಿ ಅತ್ತೆ."

"ಅಯ್ಯ, ನಾನೇನು ಟೇಪ್ ಹಿಡ್ದು ಅಳದಿದ್ನಾ? ನಾವು ಹುಡುಗೀರೆಲ್ಲ ಗುಡಿತಾವ ಆಡ್ತಿದ್ವಿ. ನಮ್ಮವ್ವ ಕಲ್ಲತ್ರ ನಿಂತ್ಕೊಂಡು 'ಉಣ್ಣಾಕೆ ಬಾರೇ' ಅಂತ ಕೂಗೋಳು. 'ಬಂದೇ' ಅಂತ ನಾವು ಕೂಗಬೇಕು. ಕೂಗಲಿಲ್ಲ ಅಂದ್ರೆ ಕೇಳ್ಲಿಲ್ಲ ಅನ್ಕೊಂಡು ಕೂಗ್ತಾನೇ ಇರೋಳು. ಎಲ್ಲಾರ ಮನೆಯವ್ರೂ ಹಂಗೇ. ನಮ್ಮೂರಲ್ಲಿ ಕೂಗಿದ್ರೆ ಬಂದೇ ಅನ್ನಲೇಬೇಕು."

ಗುಡ್ಡದ ಬುಡದಲ್ಲೇ ಊರು ಎಂದ ಮೇಲೆ ಗುಡಿಗೂ ಗುಡ್ಡಕ್ಕೂ ಕೂಗಳತೆ ಎಂದಾಯಿತು. ಇನ್ನು ಉಳಿದದ್ದು ಕೂಗಳತೆಯನ್ನು ಮೀಟರಿಗೆ ಇಳಿಸುವುದು. ಇದನ್ನು ಪ್ರಯೋಗ ಮಾಡಿಯೇ ತಿಳಿಯೋಣ ಎಂದು ಯಜಮಾನರನ್ನು ಮನೆ ಮುಂದೆ ನಿಲ್ಲಿಸಿ, ನಾನು ರಸ್ತೆಯುದ್ದಕ್ಕೂ ಹೆಜ್ಜೆ ಎಣಿಸುತ್ತಾ ನಡೆದೆ. ಅವರು ಪ್ರತಿ ಇಪ್ಪತ್ತು ಹೆಜ್ಜೆಗೊಮ್ಮೆ "ಕೇಳ್ತಾ?" ಎಂದು ಕೂಗಬೇಕು. ಕಾಯಿಪಲ್ಯದ ಗಾಡಿಯವನು ತಳ್ಳುವುದು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. ನೂರಿಪ್ಪತ್ತು ಹೆಜ್ಜೆ ದಾಟಿದ ಮೇಲೆ ರೈಲ್ವೆ ಸ್ಟೇಷನ್ ಕಡೆಯ ಹಾರನ್ನು, ಯಾರದೋ ಮನೆಯ ಮಿಕ್ಸಿ, ಹಾಲಿನ ವ್ಯಾನು ಎಲ್ಲ ಸೇರಿ ಅವರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಇರಲಿ, ಹಳ್ಳಿಯವರ ಗಂಟಲು ದೊಡ್ಡದು ಎಂದು ಧಾರಾಳವಾಗಿ ಇನ್ನೂರು ಮೀಟರ್ ಎಂದು ಬರೆದುಕೊಂಡೆ.

ಯಂತ್ರಕ್ಕೆ ಕೊಟ್ಟೆ. ಕೆರೆ, ದಡದಲ್ಲಿ ಗುಡಿ, ಗುಡಿಯಿಂದ ಇನ್ನೂರು ಮೀಟರಿನೊಳಗೆ ಕಲ್ಲುಗುಡ್ಡ, ಗುಡ್ಡದ ಪಕ್ಕ ಮನೆಗಳು ಇರಬಾರದು. ಉತ್ತರ: ಸೊನ್ನೆ. ಮನೆಗಳ ಷರತ್ತನ್ನು ಬಿಟ್ಟು ನೋಡಿದೆ, ಸೇರಿಸಿ ನೋಡಿದೆ. ಜಾವಗಲ್ ಸುತ್ತಲೂ ಹುಡುಕು ಎಂದೆ, ಹಳೇಬೀಡು ಸುತ್ತಲೂ ಹುಡುಕು ಎಂದೆ. ಬೇಲೂರಿನಾಚೆ ಬಿಕ್ಕೋಡಿನವರೆಗೂ ಅಟ್ಟಿದೆ, ಅಲ್ಲಿ ಕಾಫಿ ತೋಟಗಳು ಶುರುವಾಗುತ್ತವೆ, ಅತ್ತೆಯ ಊರು ಅಲ್ಲಿರಲು ಸಾಧ್ಯವೇ ಇಲ್ಲ ಎಂದು ಗೊತ್ತಿದ್ದೂ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಬೀರುವಿನ ಮೇಲಿನ ಕಟ್ಟುಗಳು ನನ್ನನ್ನೇ ನೋಡುತ್ತಿರುವಂತಿತ್ತು. ಯಜಮಾನರು ಮೆಲ್ಲಗೆ "ಅವ್ವನಿಗೆ ಹೇಳಿಬಿಡೋಣ ಕಣೇ, ಸಿಗಲಿಲ್ಲ ಅಂತ. ಒಂದು ಪತ್ರಿಕೆ ದೇವರ ಮುಂದೆ ಇಟ್ರಾಯ್ತು" ಎಂದರು. ಮದುವೆಗೆ ಉಳಿದದ್ದು ಮೂರೇ ವಾರ. ನಾನೂ ಹೂಂ ಎನ್ನುವುದರಲ್ಲಿದ್ದೆ.

ಅತ್ತೆಗೆ ಹೇಳಲು ಹೋದಾಗ ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಆಯ್ತು ಬಿಡವ್ವ" ಎಂದರು. ಆಮೇಲೆ ಸುಮ್ಮನೆ ಕೇಳುವ ಹಾಗೆ ಕೇಳಿದರು: "ಅದಕ್ಕೆ ನೀನು ಏನಂತ ಹೇಳಿ ಹುಡುಕು ಅಂದೆ?"

ಕೆರೆ, ಗುಡಿ, ಗುಡ್ಡ, ಇನ್ನೂರು ಮೀಟರ್ ಎಂದೆ.

"ಇನ್ನೂರು ಮೀಟ್ರಾ? ಅಂದ್ರೆ ಇಲ್ಲಿಂದ ಎಲ್ಲಿಗೆ?"

"ಆ ಮೂಲೆ ಬೇಕರಿಯವರೆಗೆ."

ಅತ್ತೆ ನಗಲು ಶುರುಮಾಡಿದರು. ಬೊಚ್ಚುಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಬೇಕರಿಗಂಟ ಕೇಳ್ಸೋದು ಕೂಗಾ? ಅದು ಗಂಡ ಹೆಂಡ್ತಿ ಗುಸುಗುಸು ಮಾತಾಡೋ ಅಳತೆ ಕಣೇ! ನಾಳೆ ಬೆಳಿಗ್ಗೆ ಕರ್ಕೊಂಡ್ ನಡಿ ನನ್ನ, ತೋಟದತ್ರ ಕೆರೆಗೆ. ಕೂಗು ಅಂದ್ರೆ ಏನಂತ ತೋರ್ಸ್ತೀನಿ."

ಜಾವಗಲ್ ರಸ್ತೆಯಲ್ಲಿ ನಮ್ಮ ತೆಂಗಿನ ತೋಟವಿದೆ, ಅದಕ್ಕೆ ಅಂಟಿಕೊಂಡಂತೆ ಒಂದು ಕೆರೆ. ಬೆಳಿಗ್ಗೆ ಏಳಕ್ಕೆ ಮೂವರೂ ಅಲ್ಲಿದ್ದೆವು. ಅತ್ತೆ ಏರಿಯ ಮೇಲೆ ಕೋಲೂರಿ ನಿಂತರು, ಪಕ್ಕದಲ್ಲಿ ಯಜಮಾನರು. ನಾನು ಮೊಬೈಲಿನಲ್ಲಿ ನೇರ ದೂರ ನೋಡುತ್ತಾ ದಡದಗುಂಟ ಆಚೆಗೆ ನಡೆದೆ. ಅತ್ತೆ ಎರಡು ಕೈಯನ್ನೂ ಬಾಯಿಯ ಪಕ್ಕ ಗೂಡು ಮಾಡಿ, ಕೊನೆಯ ಅಕ್ಷರವನ್ನು ಎಳೆದು ಎಳೆದು ಕೂಗಿದರು. ಮುನ್ನೂರು ಮೀಟರಿನಲ್ಲಿ ಪಕ್ಕದಲ್ಲೇ ನಿಂತು ಕರೆದ ಹಾಗೆ ಕೇಳಿತು. ಐನೂರರಲ್ಲೂ ಮಾತು ಬಿಡಿಬಿಡಿಯಾಗಿ ತಿಳಿಯಿತು. ನಾನು ಆಚೆ ದಡ ಮುಟ್ಟಿದಾಗ ಮೊಬೈಲು ಏಳುನೂರು ತೋರಿಸುತ್ತಿತ್ತು. ಮಾತು ತಿಳಿಯಲಿಲ್ಲ, ಆದರೆ ಎಳೆದ ದನಿ ನೀರಿನ ಮೇಲೆ ಜಾರಿ ಬಂದು ಕಿವಿ ತಲುಪಿತು. ಎಂಬತ್ತು ದಾಟಿದ ಗಂಟಲಿಗೆ ಇಷ್ಟು ದೂರವಾದರೆ, ಅವರವ್ವನ ಪ್ರಾಯದ ಗಂಟಲು ಎಷ್ಟು ದೂರ ಹೋಗಿರಬೇಕು? ಗದ್ದಲದ ಬೀದಿಯಲ್ಲಿ ನಿಂತು ಕೂಗಳತೆ ಅಳೆದ ನನ್ನ ಜಾಣತನಕ್ಕೆ ನನಗೇ ನಾಚಿಕೆಯಾಯಿತು.

ಮನೆಗೆ ಬಂದವಳೇ ತಿಂಡಿಯನ್ನೂ ತಿನ್ನದೆ ಇನ್ನೂರನ್ನು ಅಳಿಸಿ ಸಾವಿರ ಎಂದು ಬರೆದೆ. ಯಂತ್ರ ಎರಡು ಜಾಗಗಳನ್ನು ತಂದಿತು.

ಮೊದಲನೆಯದರಲ್ಲಿ ಗುಡಿ, ಗುಡ್ಡ ಎರಡೂ ಕೆರೆಯ ಒಂದೇ ದಡದಲ್ಲಿದ್ದವು. ನಡುವೆ ನೀರಿರಲಿಲ್ಲ. ಅದನ್ನು ಬಿಟ್ಟೆ. ಎರಡನೆಯದರಲ್ಲಿ ಗುಡಿ ಈಚೆ, ಗುಡ್ಡ ಆಚೆ, ನಡುವೆ ನೀರು. ಅಳತೆ ಒಂಬೈನೂರಕ್ಕೆ ಸ್ವಲ್ಪ ಕಡಿಮೆ. ವಿಳಾಸದ ಸಾಲಿನಲ್ಲಿ ಹಳೇಬೀಡು, ಬೇಲೂರು ತಾಲ್ಲೂಕು ಎಂದಿತ್ತು. ಓದಿ ಹೇಳಿದ ಕೂಡಲೇ ಅತ್ತೆ ಕೈ ಅಲ್ಲಾಡಿಸಿದರು.

"ಅದಲ್ಲ ಬಿಡು. ನಮ್ದು ಅರಸೀಕೆರೆ ತಾಲೂಕು. ನಮ್ಮಪ್ಪ ಸಂತೆಗೆ ಜಾವಗಲ್ಲಿಗೇ ಹೋಗ್ತಿದ್ದಿದ್ದು. ಹಳೇಬೀಡು ಮಖಾನೇ ನಾವು ನೋಡಿರ್ಲಿಲ್ಲ."

ನಾಲ್ಕು ಸಂಜೆಯ ಓದು ಕೈಹಿಡಿದದ್ದು ಇಲ್ಲಿ. ಅಲ್ಲಿ ಯಾರೂ ತಾಲ್ಲೂಕಿನ ಗಡಿ ಎಳೆದಿರಲಿಲ್ಲ. ಯಂತ್ರ ಹಕ್ಕಿಯ ಹಾಗೆ ಗುಡ್ಡದ ಮೇಲೆ ಹಾರಿ ಹಳೇಬೀಡನ್ನು ಹತ್ತಿರ ಎಂದುಕೊಂಡಿತ್ತು. ಕಾಲಲ್ಲಿ ನಡೆಯುವ ಅತ್ತೆಯ ಅಪ್ಪನಿಗೆ ಜಾವಗಲ್ ಹತ್ತಿರ. ಇದನ್ನು ವಿವರಿಸುತ್ತಲೇ, ಆ ಗುಡಿಯನ್ನು ನಕ್ಷೆಗೆ ಹಾಕಿದವರು ಯಾರು ನೋಡೋಣ ಎಂದು ಒತ್ತಿದೆ. ನನ್ನದೇ ಖಾತೆ ಬಂತು. ಎರಡು ವರ್ಷದ ಹಿಂದೆ ಒಂದು ಭಾನುವಾರ ಜಾವಗಲ್ ಕಡೆಯಿಂದ ಸ್ಕೂಟರಿನಲ್ಲಿ ಹೋಗಿ, ಆ ಗುಡಿಯ ಕಟ್ಟೆಯ ಮೇಲೆ ಕೂತು, ಬುತ್ತಿ ತಿಂದು, ಬಸವಣ್ಣನ ಗುಡಿ ಎಂದು ಬರೆದು ಬಂದವಳು ನಾನೇ. ಎದುರು ದಡದಲ್ಲಿ ಬರೀ ಲಂಟಾನದ ಪೊದೆ ನೋಡಿದ ನೆನಪು. ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ನನಗೆ ನಗು ಬರಲಿಲ್ಲ.

ಮಾರನೆಯ ದಿನವೇ ಹೊರಟೆವು. ಕಾರು ಏರಿಯ ಬುಡದವರೆಗೆ ಮಾತ್ರ ಹೋಯಿತು. ಅತ್ತೆ ಇಳಿದು, ಸೆರಗು ಬಿಗಿದುಕೊಂಡು, ಸುತ್ತ ನೋಡಿದರು. ಗುಡಿಯ ಮುಂದೆ ಬಂದಾಗ ಬಸವಣ್ಣನ ಬೆನ್ನು ಸವರಿ, "ಇವನ ಬೆನ್ನ ಮೇಲೆ ಕೂತು ಬೈಸ್ಕೊಂಡಿದ್ದೆ" ಎಂದರು. ಆಮೇಲೆ ನನಗೆ ಅಪ್ಪಣೆಯಾಯಿತು. "ನೀನು ಇಲ್ಲೇ ಇರು. ನಾನು ಕೂಗ್ತೀನಿ. ಕೇಳ್ತು ಅಂದ್ರೆ ಏನನ್ಬೇಕು ಗೊತ್ತಲ್ಲ?"

ತಾಯಿ ಮಗ ಏರಿಯ ಮೇಲೆ ಹೋಗಿ, ಕೆರೆ ಬಳಸಿ, ಆಚೆ ದಡದಲ್ಲಿ ಚಿಕ್ಕದಾಗುತ್ತಾ ಹೋಗುವುದನ್ನು ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ಪೊದೆಗಳ ನಡುವೆ ಮರೆಯಾದರು. ಅರ್ಧ ಗಂಟೆಯಾದರೂ ಸುದ್ದಿಯಿಲ್ಲ. ಆಮೇಲೆ ಯಜಮಾನರು ಹೇಳಿದ್ದು: ಅತ್ತೆ ಗುಡ್ಡದ ಕಡೆ ಒಂದು ಸಲ, ನೀರಿನ ಕಡೆ ಒಂದು ಸಲ ನೋಡಿ, ಲಂಟಾನವನ್ನು ಕೋಲಿನಿಂದ ಸರಿಸುತ್ತಾ ನೇರ ಹೋಗಿ ನಿಂತರಂತೆ. ಮೊಣಕಾಲೆತ್ತರದ ಗುಂಡುತಲೆಯ ಕಲ್ಲು, ಅದರ ನೆತ್ತಿಯಲ್ಲಿ ಮಾಸಿದ ಕುಂಕುಮ. ಅತ್ತೆಯ ಅಣ್ಣ ಇಟ್ಟಿದ್ದು.

ನನಗೆ ಅದೊಂದೂ ಕಾಣಲಿಲ್ಲ. ನೀರಿನ ಮೇಲಿಂದ ದನಿ ಬಂತು, ಅಷ್ಟೇ. "ಉಣ್ಣಾಕೆ ಬಾರೇ…" ಎಂಬುದರ ಕೊನೆಯ ಎಳೆತ. ನಾನು ಎದ್ದು ನಿಂತು, ಮಕ್ಕಳನ್ನು ಗದರಿಸಿ ಗದರಿಸಿ ಪಳಗಿದ ನನ್ನ ಗಂಟಲನ್ನು ಪೂರ್ತಿ ಬಿಟ್ಟು "ಬಂದೇ…" ಎಂದು ಕೂಗಿದೆ. ಆಚೆಯಿಂದ ಮತ್ತೆ ಕೂಗು ಬರಲಿಲ್ಲ. ಕೇಳಿಸಿತು ಎಂದು ಅರ್ಥ.

ಪತ್ರಿಕೆ ಇಟ್ಟು, ಕಾಯಿ ಒಡೆದು, ಅರಿಶಿನ ಕುಂಕುಮ ಹಚ್ಚಿದ ಮೇಲೆ ನಾನೂ ಹೋಗಿ ಕಲ್ಲಿಗೆ ಕೈಮುಗಿದೆ. ಅಲ್ಲೇ ನಿಂತು ಮೊಬೈಲು ತೆಗೆದು ಊರಿನ ಹೆಸರನ್ನು ನಕ್ಷೆಗೆ ಹಾಕಿದೆ. ಜನ ಬಿಟ್ಟುಹೋದ ಊರುಗಳಿಗೂ ಆ ನಕ್ಷೆಯಲ್ಲಿ ಒಂದು ವರ್ಗವಿದೆ. ಕಲ್ಲು ಕಣ್ಣಿಗೆ ಕಾಣುತ್ತದೆ, ಹಾಗಾಗಿ ನಿಯಮಕ್ಕೂ ಭಂಗವಿಲ್ಲ. ಅತ್ತೆ ಇಣುಕಿ ನೋಡಿದರು.

"ಇನ್ಮೇಲೆ ಯಾರು ಹುಡುಕಿದ್ರೂ ಸಿಗ್ತದಾ?"

"ಸಿಗುತ್ತೆ ಅತ್ತೆ."

"ಯಾರು ಹುಡುಕ್ತಾರೆ ಬಿಡು. ನಾನು ಹೋದ್ಮೇಲೆ."

ಮನೆಗೆ ಬಂದು ಮೊದಲ ಹುಡುಕುಯಂತ್ರದಲ್ಲಿ ಹೆಸರು ಟೈಪ್ ಮಾಡಿದೆ. ಬಂತು. ತೂಕ ಏನೂ ಇಲ್ಲದ ಊರು, ಆದರೂ ಆ ಹೆಸರಿನದು ಅದೊಂದೇ ಆದ್ದರಿಂದ ಮೊದಲ ಸಾಲಿನಲ್ಲೇ ಬಂತು. ವಿಳಾಸ ಮಾತ್ರ ಬೇಲೂರು ತಾಲ್ಲೂಕು ಎಂದೇ ಇತ್ತು. ಅತ್ತೆಗೆ ಅದನ್ನು ಓದಿ ಹೇಳಲಿಲ್ಲ. ಅದೇ ಸಂಜೆ ಪತ್ರಿಕೆಯ ಕಟ್ಟುಗಳು ಬೀರುವಿನಿಂದ ಇಳಿದವು, ಮದುವೆಯೂ ಚೆನ್ನಾಗಿ ನಡೆಯಿತು.

ಮದುವೆ ಮುಗಿದು ಐದಾರು ತಿಂಗಳಾಗಿರಬೇಕು. ಒಂದು ಭಾನುವಾರ ಬೇರೇನೋ ತಿದ್ದುತ್ತಾ ಅತ್ತೆಯ ಊರಿನ ಮೇಲೆ ಕಣ್ಣು ಹೋಯಿತು. ನಾನು ಹಾಕಿದ ಚುಕ್ಕೆಯ ಪಕ್ಕ ಇನ್ನೊಂದು ಚುಕ್ಕೆ ಇತ್ತು. ಬಾವಿಯ ಗುರುತು. ಅದರ ಹೆಸರು, ಮೂರು ಹಗ್ಗದ ಬಾವಿ. ಕೆಳಗೆ ಟಿಪ್ಪಣಿ: ಮುಚ್ಚಿದೆ. ಹಾಕಿದ ಖಾತೆ ಹೊಸದು, ಹೆಸರಿನ ಜಾಗದಲ್ಲಿ ಬರೀ ಅಂಕಿಗಳು, ಈ ಒಂದು ಬಾವಿಯ ಹೊರತು ಬೇರೇನೂ ಮಾಡಿರಲಿಲ್ಲ. ನನಗೆ ರೇಗಿತು. ಆ ಜಾಗವನ್ನು ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ಲಂಟಾನ ಬಿಟ್ಟರೆ ಏನೂ ಇಲ್ಲ. ಮತ್ತೊಂದು ಈಜುಕೊಳ ಎಂದುಕೊಂಡು ಅಳಿಸಲು ಕೈ ಇಟ್ಟೆ. ಅಳಿಸುವ ಮುಂಚೆ ಒಂದು ಮಾತು ಕೇಳಿಬಿಡೋಣ ಎನಿಸಿತು.

ಅತ್ತೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅತ್ತೆ, ನಿಮ್ಮೂರಲ್ಲಿ ಬಾವಿ ಇತ್ತಾ?"

"ಬಾವಿ ಇಲ್ದೆ ಊರಿರ್ತದಾ? ಯಾಕೆ?"

"ಯಾರೋ ನಕ್ಷೆಗೆ ಹಾಕಿದ್ದಾರೆ. ಮೂರು ಹಗ್ಗದ ಬಾವಿ ಅಂತ."

ಮೊರದ ಮೇಲೆ ಓಡುತ್ತಿದ್ದ ಕೈ ನಿಂತಿತು. ಅತ್ತೆ ನನ್ನನ್ನು ನೋಡಿದ ರೀತಿಗೆ ನಾನು ಅಲ್ಲೇ ನೆಲದ ಮೇಲೆ ಕೂತೆ.

"ಕಲ್ಲಿಂದ ಯಾವ ಕಡೀಕೆ ಹಾಕವ್ರೆ? ಕೆರೆ ಕಡೀಕಾ, ಗುಡ್ಡದ ಕಡೀಕಾ?"

"ಗುಡ್ಡದ ಕಡೆಗೆ."

"ಗುಡ್ಡದ ಕಡೇನೇ." ಮೊರವನ್ನು ಪಕ್ಕಕ್ಕಿಟ್ಟರು. "ಒಂದು ಹಗ್ಗ ಸಾಲ್ತಿರ್ಲಿಲ್ಲ ಕಣೇ, ಅಷ್ಟು ಆಳ. ಮೂರು ಮನೆಯವ್ರು ಹಗ್ಗ ತಂದು ಗಂಟು ಹಾಕಿ ಸೇದ್ಬೇಕು. ಊರು ಬಿಡೋ ದಿನ ಮಕ್ಕಳು ಬಿದ್ದಾವು ಅಂತ ನಮ್ಮಪ್ಪನೋರೇ ಮುಚ್ಚಿದ್ದು. ಆ ಹೆಸರು ನಾನು ಯಾರಿಗೂ ಹೇಳಿಲ್ಲ. ನಿನಗೂ ಹೇಳಿಲ್ಲ. ನಾನೇ ಮರ್ತಿದ್ದೆ."

ಕಣ್ಣಿಗೆ ಕಾಣದ ಬಾವಿಯನ್ನು ಅಳಿಸಬೇಕು ಎಂದು ನಿಯಮ ಹೇಳುತ್ತದೆ. ನಾನು ಅಳಿಸಿಲ್ಲ. ಹತ್ತನೇ ತರಗತಿಯವರಿಗೆ ಇದು ಗೊತ್ತಾಗುವುದು ಬೇಡ.

"ಅವ್ರಿಗೆ ಕಾಗದ ಬರಿಯಾಕೆ ಆಗ್ತದಾ?" ಎಂದರು ಅತ್ತೆ.

ಆಗುತ್ತದೆ, ಖಾತೆಗೆ ಸಂದೇಶ ಕಳಿಸಬಹುದು ಎಂದೆ. ಲ್ಯಾಪ್‌ಟಾಪನ್ನು ನಡುಮನೆಗೇ ತಂದೆ. ನೀವು ಯಾರು, ಯಾರ ಮನೆಯವರು, ಈಗ ಎಲ್ಲಿದ್ದೀರಿ ಎಂದು ಬರೆಯಲೇ ಎಂದು ಕೇಳಿದೆ. ಅತ್ತೆ ಅದೆಲ್ಲ ಬೇಡ ಎಂದರು.

"ಉಣ್ಣಾಕೆ ಬಾ ಅಂತ ಬರಿ. ಅಷ್ಟೇ."

ಅಷ್ಟೇ ಬರೆದೆ. ಎರಡು ದಿನ ಏನೂ ಬರಲಿಲ್ಲ. ಅತ್ತೆ ದಿನಕ್ಕೆ ಹತ್ತು ಸಲ "ಕೇಳಿಸ್ತಂತಾ?" ಎಂದು ಕೇಳಿ ನನ್ನ ಪ್ರಾಣ ತಿಂದರು. ಮೂರನೆಯ ದಿನ ಶಾಲೆಯಿಂದ ಬಂದು ನೋಡಿದರೆ ಉತ್ತರ ಇತ್ತು. ಒಂದೇ ಪದ.

"ಬಂದೆ."

ಓದಿ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣು ಮೂಗು ಎಲ್ಲ ಒರೆಸಿಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದು, ಅಡಿಗೆಮನೆ ಕಡೆ ಹೋಗುತ್ತಾ ನನ್ನನ್ನು ಗದರಿದರು.

"ಸುಮ್ನೆ ಕೂತಿದೀಯಲ್ಲೇ. ಎಷ್ಟು ಜನ ಬತ್ತಾರೆ ಕೇಳು."